ಅತ್ತೆ ಚಕ್ರವರ್ತಿಯ ಬಾಗಿಲು ಕಾದದ್ದು

ನನ್ನ ಸೋದರತ್ತೆ ಒಬ್ಬ ಚಕ್ರವರ್ತಿಯ ಅಂಗರಕ್ಷಕಿ. ನಗಬೇಡಿ. ಕಿರೀಟ, ಸಿಂಹಾಸನ, ನೇರಳೆ ಬಣ್ಣದ ನಿಲುವಂಗಿ ಎಲ್ಲ ಇರುವ ಚಕ್ರವರ್ತಿಯೇ ಅವರು. ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ ಅಮೆರಿಕದ ನೋವಾಯ್‌ನಲ್ಲಿ ಕಾರ್ಪೆಟ್ ಮಾರುತ್ತಾರೆ. ಅತ್ತೆಯ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು, ವಯಸ್ಸು ಅರವತ್ತೇಳು, ಎಡಮಂಡಿ ಪೂರ್ತಿ ಸವೆದಿದೆ. ಅವರ ಕೊಡಲಿಯನ್ನು ನೆಲಕ್ಕೂರಿದರೆ ಹಿಡಿ ಅವರ ಕಿವಿಯ ತನಕ ಬರುತ್ತದೆ. ಇಂಥವರನ್ನು ಕಾವಲಿಗೆ ಇಟ್ಟುಕೊಂಡ ಚಕ್ರವರ್ತಿಯ ಸಾಮ್ರಾಜ್ಯ ಎಷ್ಟು ದಿನ ಉಳಿದೀತು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಕೇಳಿ ಪಶ್ಚಾತ್ತಾಪಪಟ್ಟವರಲ್ಲಿ ನಾನೇ ಮೊದಲಿಗ.

ಅತ್ತೆ ಹುಟ್ಟಿದ್ದು ವಿಜಾಪುರದಲ್ಲಿ. ಮಿಷಿಗನ್‌ನ ಲಿವೋನಿಯಾಕ್ಕೆ ಬಂದು ನಲವತ್ತು ವರ್ಷವಾಯಿತು. ಅರಿವಳಿಕೆ ಕೊಡುವ ಡಾಕ್ಟರು. ಕೆಲಸದಲ್ಲಿದ್ದಷ್ಟು ದಿನ ಜನರನ್ನು ಮಲಗಿಸಿದರು. ನಿವೃತ್ತರಾದ ಮೇಲೆ ಯಾರನ್ನೂ ಮಲಗಲು ಬಿಟ್ಟಿಲ್ಲ. ಅವರ ಗಂಡ, ನಮ್ಮ ಮಾಮಾ, ಕಾರಿನ ಬ್ರೇಕುಗಳನ್ನು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು, ಐದು ವರ್ಷದ ಹಿಂದೆ ತೀರಿಕೊಂಡರು. ಮಕ್ಕಳಿಲ್ಲ. ಹತ್ತಿರದ ಬಂಧು ಎಂದರೆ ನಾನು. ಬೆಂಗಳೂರಿನಲ್ಲಿ ಬೆಳೆದು ಈಗ ಇಲಿನಾಯ್‌ನ ಲಿಸ್ಲ್‌ನಲ್ಲಿದ್ದೇನೆ, ಅತ್ತೆಯ ಮನೆಗೆ ಕಾರಿನಲ್ಲಿ ಐದು ಗಂಟೆಯ ದಾರಿ. ಅಮೆರಿಕದಲ್ಲಿ ಇದಕ್ಕೆ ಪಕ್ಕದ ಮನೆ ಎನ್ನುತ್ತಾರೆ.

ಮಾಮಾ ಹೋದ ಎರಡನೆಯ ವರ್ಷ, ಮಿಷಿಗನ್ನಿನದೇ ಊರಾದ ಟ್ರಾಯ್‌ನ ದೇವಸ್ಥಾನದಲ್ಲಿ ಪರಿಚಯವಾದ ನಾಲ್ವರು ಗೆಳತಿಯರ ಜೊತೆ ಅತ್ತೆ ಇಸ್ತಾಂಬುಲ್ ಪ್ರವಾಸಕ್ಕೆ ಹೋದರು. ಉಳಿದವರು ಬಣ್ಣದ ಗಾಜಿನ ದೀಪ, ಕೇಸರಿ, ಶಾಲುಗಳನ್ನು ತಂದರು. ಅತ್ತೆ ವರಂಗಿಯನ್ನರನ್ನು ತಂದರು. ಹಳೆಯ ಅರಮನೆಯ ಗೋಡೆಯ ಬಳಿ ಗೈಡ್ ಈ ಹೆಸರನ್ನು ಒಂದೇ ಒಂದು ಸಲ ಹೇಳಿದನಂತೆ. ಅತ್ತೆಯ ಪ್ರಶ್ನೆಗಳು ಮುಗಿಯುವ ಹೊತ್ತಿಗೆ ಬಸ್ಸು ನಲವತ್ತು ನಿಮಿಷ ತಡವಾಗಿತ್ತು, ಗೈಡ್ ಬಸ್ಸಿನ ಹಿಂದೆ ಅವಿತುಕೊಂಡಿದ್ದ.

ವಾಪಸು ಬಂದವರೇ ನನಗೆ ಫೋನ್ ಮಾಡಿದರು.

"ಲೇ ತಮ್ಮಾ, ನಿನಗ ವರಂಗಿಯನ್ನರು ಗೊತ್ತೇನು?"

"ವಾರಂಗಲ್‌ನವರಾ ಅತ್ತೆ? ನಮ್ಮ ಆಫೀಸಲ್ಲೇ ಮೂರು ಜನ ಇದಾರೆ."

"ನೀ ಕಾಲೇಜಿಗೆ ಹೋಗಿದ್ದಿ, ಹೌದಿಲ್ಲ?" ಎಂದರು.

ಮುಂದಿನ ಒಂದು ಗಂಟೆ ನಾನು ಕಾಲೇಜಿಗೆ ಹೋದ ಹಾಗೇ ಇತ್ತು. ಸಾವಿರ ವರ್ಷದ ಹಿಂದೆ ನಾರ್ವೆ, ಸ್ವೀಡನ್‌ಗಳ ಕಡೆಯಿಂದ ಗಟ್ಟಿಮುಟ್ಟಾದ ಆಳುಗಳು ದೋಣಿ ಕಟ್ಟಿಕೊಂಡು, ರಷ್ಯದ ನದಿಗಳನ್ನು ಹಾದು, ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್ ತಲುಪಿ, ಅಲ್ಲಿನ ಚಕ್ರವರ್ತಿಯ ಖಾಸಾ ಕಾವಲುಭಟರಾಗುತ್ತಿದ್ದರು. ಅವರೇ ವರಂಗಿಯನ್ನರು. ಉದ್ದ ಹಿಡಿಯ ಕೊಡಲಿ ಅವರ ಗುರುತು. ಭಾಷೆ ಬರದ, ಚಳಿನಾಡಿನಲ್ಲಿ ಹುಟ್ಟಿದ ಈ ಪರದೇಶಿಗಳ ಕೈಗೆ ಚಕ್ರವರ್ತಿ ತನ್ನ ಪ್ರಾಣವನ್ನು ಏಕೆ ಒಪ್ಪಿಸಿದ?

"ಯಾಕಂದ್ರ ಅಂವಗ ತನ್ನ ಮಂದಿ ಮ್ಯಾಲ ನಂಬಿಗಿ ಇರಲಿಲ್ಲ," ಎಂದರು ಅತ್ತೆ. "ನಮ್ಮ ವಿಜಾಪುರದ ಸುಲ್ತಾನರೂ ಆಫ್ರಿಕಾದಿಂದ ಬಂದ ಹಬಶಿಗಳನ್ನ ಇಟ್ಕೊಂಡಿರಲಿಲ್ಲೇನು? ಅದ ಲೆಕ್ಕ. ಊರಾಗಿನಾವ ಬೀಗರ ಮಾತು ಮೀರಂಗಿಲ್ಲ. ಪರದೇಶಿಗೆ ಬೀಗರ ಇರಂಗಿಲ್ಲ."

ಈ ವಿದ್ಯೆ ಮನೆಯೊಳಗೇ ಉಳಿದಿದ್ದರೆ ನಾನು ಪ್ರಬಂಧ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಅತ್ತೆ ಅದನ್ನು ಭಾನುವಾರದ ದೇವಸ್ಥಾನದ ಊಟಕ್ಕೂ ಕೊಂಡೊಯ್ದರು. ಒಂದು ದಿನ ಎಲ್ಲರೂ ಪುಳಿಯೋಗರೆ ತಿನ್ನುತ್ತಿರುವಾಗ, ಹೀಗೆ ದುಡಿಯಲು ಹೋಗಿ ಅಲ್ಲೇ ಉಳಿದುಬಿಟ್ಟವರ ವಿಷಯಕ್ಕೆ ಸ್ವೀಡನ್ನಿನವರು ಏನು ಮಾಡಿದರು ಗೊತ್ತೇ ಎಂದು ಕೇಳಿದರು. ಯಾರಿಗೆ ಗೊತ್ತು? "ಕಾನೂನ ಮಾಡಿದ್ರು. ಚಕ್ರವರ್ತಿಯ ಸೀಮಿಗೆ ಅವರು ಗ್ರೀಸ್ ಅಂತಿದ್ರು. ಗ್ರೀಸಿನಾಗ ಕುಂತಾವಂಗ ಕುಂತಿರೋ ತನಕ ಊರಿನ ಆಸ್ತ್ಯಾಗ ಪಾಲಿಲ್ಲ ಅಂತ ಬರದಿಟ್ರು."

ದಾವಣಗೆರೆಯ ಹೃದಯತಜ್ಞರೊಬ್ಬರು ಚಮಚ ಕೆಳಗಿಟ್ಟರು. ಆ ವಾರ ಮಿಷಿಗನ್‌ನಿಂದ ಅಣ್ಣತಮ್ಮಂದಿರಿಗೆ ಹೋದಷ್ಟು ಪ್ರೀತಿಯ ಫೋನುಗಳು ಹಿಂದೆಂದೂ ಹೋಗಿರಲಾರವು.

ನನ್ನ ಹೆಂಡತಿ ಮೈಸೂರಿನವಳು, ಮೃದು ಸ್ವಭಾವದವಳು. "ರೀ, ನಿಮ್ಮತ್ತೆಗೆ ಒಂಟಿತನ ಕಾಡ್ತಿದೆ ಕಣ್ರೀ. ಒಂದು ನಾಯಿಮರಿ ತಂದುಕೊಡೋಣ," ಎಂದಳು. ಸರಿ ಎನಿಸಿ ಅತ್ತೆಯನ್ನು ಕೇಳಿದೆ.

"ನಾಯಿ ನನ್ನನ್ನ ಕಾಯ್ತೈತಿ. ನಾ ಯಾರನ್ನ ಕಾಯ್ಲಿ?" ಎಂದರು.

ಇದನ್ನು ಕೇಳಿ ಹದಿನಾರು ವರ್ಷದ ನನ್ನ ಮಗಳು ಫೋನಿನಿಂದ ತಲೆಯೆತ್ತಿ, "ಷಿ ಈಸ್ ಲಿಟರಲೀ ಮೈ ಹೀರೋ," ಎಂದು ಹೇಳಿ ಮತ್ತೆ ತಲೆ ಬಗ್ಗಿಸಿದಳು.

ಯಾರನ್ನು ಕಾಯುವುದು ಎಂಬುದಕ್ಕೆ ಅತ್ತೆಗೆ ಉತ್ತರ ಹಾವೆಲ್ ಊರಿನ ಆಚೆಯ ಒಂದು ಹೊಲದಲ್ಲಿ ಸಿಕ್ಕಿತು. ಅಲ್ಲಿ ತಿಂಗಳಿಗೊಮ್ಮೆ ವರಂಗಿಯನ್ನರ ವೇಷ ತೊಟ್ಟು, ಗುಡಾರ ಹಾಕಿ, ಗುರಾಣಿ ಹಿಡಿದು ಕಾದಾಡುವ ಒಂದು ಗುಂಪು ಸೇರುತ್ತದೆ. ಅವರ ಚಕ್ರವರ್ತಿ ನಾನು ಮೊದಲೇ ಹೇಳಿದ ಕಾರ್ಪೆಟ್ ವ್ಯಾಪಾರಿ, ಹೊಲ ಡೇವ್ ಎಂಬುವನದು. ಆರು ಅಡಿ ನಾಲ್ಕು ಇಂಚು ಎತ್ತರ, ಎರಡು ಜಡೆ ಹಾಕಿದ ಕೆಂಪು ಗಡ್ಡ, ಆ ಗುಂಪಿನ ಕಾವಲುಪಡೆಯ ನಾಯಕ. ವೃತ್ತಿಯಲ್ಲಿ ದಂತವೈದ್ಯ. ಅತ್ತೆ ಮೊದಲ ಸಲ ಹೋದಾಗ ಅವನು ಸೊಂಟ ಬಗ್ಗಿಸಿ, ಮಕ್ಕಳಿಗೆ ಹಲ್ಲುಜ್ಜುವುದನ್ನು ಹೇಳಿಕೊಡುವ ದನಿಯಲ್ಲಿ, ಅಡುಗೆಯ ಗುಡಾರದಲ್ಲಿ ನಿಮ್ಮಂಥವರ ಅಗತ್ಯ ಬಹಳ ಇದೆ ಎಂದನಂತೆ. ಅತ್ತೆ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದರು: ನಾನು ಅಡುಗೆಗೆ ಬಂದಿಲ್ಲ, ಕಾವಲಿಗೆ ಬಂದಿದ್ದೇನೆ.

ಕಾವಲುಪಡೆಗೆ ವರ್ಷಕ್ಕೆ ಒಬ್ಬರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಜುಲೈನಲ್ಲಿ ಪರೀಕ್ಷೆ. ಗಂಡು, ಹೆಣ್ಣು, ಎತ್ತರ, ಗಿಡ್ಡ ಯಾವುದೂ ನಿಯಮದಲ್ಲಿಲ್ಲ. ಬರೆದವರಿಗೆ ಅತ್ತೆಯಂಥವರು ಬಂದಾರೆಂಬ ಕಲ್ಪನೆ ಇರಲಿಲ್ಲ, ಅಷ್ಟೆ.

ಆ ಚಳಿಗಾಲ ಅತ್ತೆ ಉಕ್ಕಿನ ಅಂಗಿ ಹೆಣೆದರು. ಪೆಟ್ಟಿಗೆಗಟ್ಟಲೆ ಸಣ್ಣ ಉಕ್ಕಿನ ಬಳೆಗಳನ್ನು ತರಿಸಿ, ಎರಡು ಇಕ್ಕಳ ಹಿಡಿದು, ಒಂದೊಂದು ಬಳೆಯನ್ನೂ ಸುತ್ತಲಿನ ನಾಲ್ಕು ಬಳೆಗಳಿಗೆ ಕೋದು ಮಾಡುವ ಅಂಗಿ. ಅಲ್ಯುಮಿನಿಯಂ ಬಳೆ ಹಾಕಿದರೆ ಹಗುರವಾಗುತ್ತದೆ ಎಂದು ಯಾರೋ ಸಲಹೆ ಕೊಟ್ಟರು. ಅಲ್ಯುಮಿನಿಯಂ ಇಡ್ಲಿ ಪಾತ್ರೆಗೆ ಎಂದರು ಅತ್ತೆ. ಕೆಲಸವೆಲ್ಲ ನಡೆದದ್ದು ಟಿವಿಯಲ್ಲಿ ಕನ್ನಡ ಧಾರಾವಾಹಿ ನೋಡುತ್ತ. ಸೊಸೆ ಅತ್ತಾಗಲೆಲ್ಲ ಒಂದು ಸಾಲು ಮುಗಿಯುತ್ತಿತ್ತು. ಆ ವರ್ಷ ಸೊಸೆ ವಿಪರೀತ ಅತ್ತಳು, ಹಾಗಾಗಿ ಅಂಗಿ ಮಂಡಿಯವರೆಗೆ ಬಂತು. ತೂಕ ಇಪ್ಪತ್ತೆರಡು ಪೌಂಡು. ನನ್ನ ಹೆಂಡತಿ ಅದನ್ನು ಸೋಫಾದಿಂದ ಎತ್ತಿಡಲು ಹೋಗಿ ಅದರ ಜೊತೆಗೇ ಸೋಫಾದ ಮೇಲೆ ಕೂತಳು.

ಅಂಗಿಯ ಒಳಗೆ ಏನು ತೊಡುವುದು? ಅತ್ತೆ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟರು. ಗುಂಪಿನಲ್ಲಿ ವೇಷಭೂಷಣ ಪರಿಶೀಲಿಸುವ ಒಬ್ಬ ಮಹಿಳೆಯಿದ್ದಾರೆ, ಶಾಲೆಯಲ್ಲಿ ಇತಿಹಾಸದ ಟೀಚರು. ಅವರು ಸೀರೆ ನೋಡಿ ತಲೆಯಾಡಿಸಿದರು.

"ಚಕ್ರವರ್ತಿ ಕಾವಲುಭಟರಿಗೆ ರೇಷ್ಮೆ ಕೊಡುತ್ತಿದ್ದ, ಹೌದೋ ಅಲ್ಲವೋ?" ಎಂದು ಕೇಳಿದರು ಅತ್ತೆ.

"ಹೌದು."

"ರೇಷ್ಮೆ ಮೊದಲು ಬಂದದ್ದು ಪೂರ್ವದಿಂದ?"

"ಹೌದು."

"ಇಳಕಲ್ ಪೂರ್ವಕ್ಕಿದೆ," ಎಂದು ಹೇಳಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು.

ಪರೀಕ್ಷೆ ಎಂದರೆ ಕತ್ತಿವರಸೆಯಲ್ಲ, ನಿಲ್ಲುವುದು. ಚಕ್ರವರ್ತಿಯ ಗುಡಾರದ ಬಾಗಿಲಲ್ಲಿ ಪೂರ್ತಿ ವೇಷದಲ್ಲಿ, ಭುಜದ ಮೇಲೆ ಕೊಡಲಿ ಇಟ್ಟುಕೊಂಡು, ಕಾಲು ಕದಲಿಸದೆ ನಿಲ್ಲಬೇಕು. ಕೊನೆಗೆ ಉಳಿದವರಿಗೆ ಜಾಗ. ಅತ್ತೆ ಲಿವೋನಿಯಾದ ತಮ್ಮ ಡ್ರೈವ್‌ವೇಯಲ್ಲೇ ಅಭ್ಯಾಸ ಶುರುಮಾಡಿದರು. ಎದುರು ಮನೆಗೆ ಹೊಸದಾಗಿ ಬಂದವರು ಪೊಲೀಸರನ್ನು ಕರೆದರು. ಬಂದ ತರುಣ ಪೊಲೀಸಿನವನು ಕಾರಿನ ಬಾಗಿಲ ಮರೆಯಲ್ಲೇ ನಿಂತು, ದಯವಿಟ್ಟು ಕೊಡಲಿ ಕೆಳಗಿಡಿ ಎಂದ. ಅತ್ತೆ ಇಟ್ಟರು. ಇಟ್ಟು, ಅವನ ಮುಖವನ್ನೇ ನೋಡಿ, ನಿನಗೆ ಆಗಾಗ ತಲೆ ನೋಯುತ್ತದಾ ಎಂದು ಕೇಳಿದರು. ನೋಯುತ್ತದೆ ಎಂದ. ಐದು ನಿಮಿಷದಲ್ಲಿ ಅವನು ಅತ್ತೆಯ ಅಡುಗೆಮನೆಯಲ್ಲಿ ತೋಳು ಚಾಚಿ ಕೂತಿದ್ದ, ಅತ್ತೆ ರಕ್ತದೊತ್ತಡ ನೋಡುತ್ತಿದ್ದರು. ಈಗ ಅವನು ದಿನಾ ಮಾತ್ರೆ ತೆಗೆದುಕೊಳ್ಳುತ್ತಾನೆ, ಆ ಬೀದಿಯಲ್ಲಿ ಹೋಗುವಾಗ ಸೆಲ್ಯೂಟ್ ಹೊಡೆಯುತ್ತಾನೆ. ಅತ್ತೆಯ ಕೈಯಲ್ಲಿ ಕೊಡಲಿ ಇದ್ದರೆ ಎರಡು ಸೆಲ್ಯೂಟ್.

ಇಷ್ಟೆಲ್ಲ ಮಾಡಿಯೂ ಮೊದಲ ವರ್ಷ ಅತ್ತೆ ಸೋತರು. ಯಾಕೆ ಎಂದು ಕೇಳಿದರೆ, "ಆತು ಬಿಡು, ಕಾಲು ಕದಲ್ತು," ಎಂದಷ್ಟೇ ಹೇಳಿದರು. ಮಾರನೆಯ ವರ್ಷ ಜೂನ್‌ನಲ್ಲಿ ಫೋನ್ ಬಂತು. ಮಂಡಿ ಬದಲಾಯಿಸುವ ಆಪರೇಷನ್ ಸೆಪ್ಟೆಂಬರಿಗೆ ಗೊತ್ತಾಗಿದೆ, ಆಮೇಲೆ ಇಷ್ಟು ಭಾರ ಹೊತ್ತು ನಿಲ್ಲಲು ಸರ್ಜನ್ ಬಿಡುವುದಿಲ್ಲ, ಇದೇ ಕೊನೆಯ ಸಲ ಎಂದರು.

"ನೀ ಬರ್ತಿಯೇನು? ಏನೂ ಮಾಡೂದು ಬ್ಯಾಡ. ನನ್ನ ಫೋನು ಹಿಡ್ಕೊಂಡು ನಿಂದ್ರು, ಸಾಕು."

ಹೋದೆ. ಹೊಲದಲ್ಲಿ ಕಾರಿನಿಂದಿಳಿದು ನಾನು ಯಾರೆಂದು ಹೇಳಿಕೊಂಡ ಕೂಡಲೇ ಡೇವ್ ನನ್ನ ಕೈ ಹಿಡಿದು, "ಓ, ಆ ಆಸಿಡ್ ರಿಫ್ಲಕ್ಸ್ ನೀವೇನಾ?" ಎಂದ.

ಆಗ ತಿಳಿಯಿತು ನೋಡಿ. ಹಿಂದಿನ ಜುಲೈನಲ್ಲಿ ಅತ್ತೆ ಒಂದು ಗಂಟೆ ಹತ್ತು ನಿಮಿಷ ಕಲ್ಲಿನ ಹಾಗೆ ನಿಂತಿದ್ದಾಗ ಅವರ ಉಕ್ಕಿನ ಅಂಗಿಯ ಒಳಗಿಂದ ಫೋನ್ ರಿಂಗಾಯಿತು. ಆಸ್ಪತ್ರೆಯಿಂದ ಯಾವ ಗಳಿಗೆಯಲ್ಲಾದರೂ ಕರೆ ಬರಬಹುದೆಂದು ಮೂವತ್ತೈದು ವರ್ಷ ಕಾದ ಕೈ, ಯೋಚನೆ ಮಾಡುವ ಮೊದಲೇ ಕೊಡಲಿ ಇಳಿಸಿ ಫೋನ್ ಎತ್ತಿತ್ತು. ಆ ಫೋನ್ ಮಾಡಿದ್ದು ನಾನು. ಹಿಂದಿನ ದಿನ ಬಜ್ಜಿ ತಿಂದು ನನಗೆ ಹುಳಿತೇಗು ಬರುತ್ತಿತ್ತು. ಅತ್ತೆ ಅರವತ್ತು ಜನ ವರಂಗಿಯನ್ನರ ನಡುವೆ ನಿಂತು ನನಗೆ ಜೀರಿಗೆ ಕಷಾಯ ಮಾಡುವ ಕ್ರಮವನ್ನು ಸಾವಧಾನವಾಗಿ ಹೇಳಿಕೊಟ್ಟು, ಸೋತು, ಮನೆಗೆ ಹೋಗಿದ್ದರು. ಒಂದು ವರ್ಷ ನನಗೆ ಈ ಮಾತು ಹೇಳಿರಲಿಲ್ಲ.

"ಅತ್ತೆ, ಯಾಕೆ ಹೇಳ್ಲಿಲ್ಲ?"

"ಹೇಳಿದ್ರ ಮುಂದ ಹೊಟ್ಟಿ ನೂಸಿದಾಗ ನೀ ಫೋನ್ ಮಾಡತಿರಲಿಲ್ಲ," ಎಂದು ಹೇಳಿ ಫೋನನ್ನು ನನ್ನ ಕೈಗಿಟ್ಟು ಬಾಗಿಲ ಕಡೆ ನಡೆದರು.

ಮಧ್ಯಾಹ್ನ ಹನ್ನೆರಡಕ್ಕೆ ಪರೀಕ್ಷೆ ಶುರುವಾಯಿತು. ತೊಂಬತ್ಮೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಗುಡಾರದ ಎರಡೂ ಬದಿಗೆ ಒಟ್ಟು ಒಂಬತ್ತು ಜನ ನಿಂತರು. ಗಿಡ್ಡವರೆಂದು ಅತ್ತೆಗೆ ಬಾಗಿಲಿಗೆ ಅಂಟಿದ ಜಾಗ ಕೊಟ್ಟರು. ಒಳಗೆ ಸಿಂಹಾಸನದಲ್ಲಿ ಚಕ್ರವರ್ತಿ ಬೆಳ್ಳಿಯ ಲೋಟದಲ್ಲಿ ಕೋಲಾ ಕುಡಿಯುತ್ತಿದ್ದರು. ಅರ್ಧ ಗಂಟೆಗೊಮ್ಮೆ ಅತ್ತೆಯ ಬಾಯಿಗೆ ಸ್ಟ್ರಾ ಹಿಡಿದು ನೀರು ಕುಡಿಸುವುದು ನನ್ನ ಕೆಲಸ.

ಇಪ್ಪತ್ತೈದನೆಯ ನಿಮಿಷಕ್ಕೆ ಜಿಮ್ ಟ್ರೇನರ್ ಒಬ್ಬ ಬುಡ ಕಡಿದ ಮರದಂತೆ ಉರುಳಿದ. ಜನ ಗಾಬರಿಯಾಗಿ ಸುತ್ತ ಸೇರಿದರು. ಆಗ ಬಾಗಿಲ ಕಡೆಯಿಂದ ಒಂದು ದನಿ ಇಂಗ್ಲಿಷಿನಲ್ಲಿ, ಏರಿಳಿತವಿಲ್ಲದೆ ಬಂತು: "ಕಾಲು ಎತ್ತಿ ಹಿಡಿಯಿರಿ. ಕತ್ತಿನ ಹತ್ತಿರ ಸಡಿಲ ಮಾಡಿ. ನೆರಳಿಗೆ ಒಯ್ಯಿರಿ." ಅತ್ತೆಯ ತಲೆ ತಿರುಗಿರಲಿಲ್ಲ, ಕಣ್ಣು ಕೂಡ ಅತ್ತ ಹೋಗಿರಲಿಲ್ಲ. ಗೋಡೆಯೇ ಮಾತಾಡಿದ ಹಾಗಿತ್ತು. ಎರಡು ನಿಮಿಷದಲ್ಲಿ ಟ್ರೇನರ್ ಎದ್ದು ಕೂತ.

ನಿಂತವರನ್ನು ನಗಿಸಿ ಕದಲಿಸುವುದು ಹಳೆಯ ಕಾವಲುಭಟರ ಹಕ್ಕು. ದಪ್ಪ ಹೊಟ್ಟೆಯ ಒಬ್ಬ ಭಟ ಅತ್ತೆಯ ಮುಂದೆ ಕೋಳಿಯ ಹಾಗೆ ಕುಣಿದ. ಸರ್ಜನ್ನರ ಜೋಕುಗಳ ಮುಂದೆ ಮೂವತ್ತೈದು ವರ್ಷ ನಗದೆ ನಿಂತವರನ್ನು ಕೋಳಿ ಏನು ಮಾಡೀತು? ಆಮೇಲೆ ಕಣಜದ ಹುಳವೊಂದು ಬಂದು ಅತ್ತೆಯ ಮೂಗುತಿಯ ಮೇಲೆ ಕೂತಿತು. ಕಣಜ ಸ್ವಲ್ಪ ಹೊತ್ತು ಯೋಚಿಸಿ ಪಕ್ಕದವನ ಕಿವಿಗೆ ಹೋಯಿತು. ಪಕ್ಕದವನು ಹೊಲವನ್ನೇ ದಾಟಿ ಹೋದ. ಎರಡು ಗಂಟೆಯಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಉಳಿದವರೂ ಕೂತರು.

ಕೊನೆಗೆ ಇಬ್ಬರೇ ನಿಂತಿದ್ದರು. ಬಾಗಿಲ ಈಚೆ ಅತ್ತೆ, ಆಚೆ ಬ್ರ್ಯಾಂಡನ್. ಅವನು ಡೆಟ್ರಾಯ್ಟ್ ಹತ್ತಿರದ ಗೋದಾಮೊಂದರಲ್ಲಿ ಕೆಲಸ ಮಾಡುವ ಇಪ್ಪತ್ತಾರು ವರ್ಷದ ಹುಡುಗ, ಬೀರುವಿನಷ್ಟು ಅಗಲ, ಬಹಳ ವಿನಯದವನು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಅವನ ತುಟಿ ಬಿಳಿಚಿಕೊಂಡಿತು. ನಾನು ಮನಸ್ಸಿನಲ್ಲೇ ಕುಣಿಯತೊಡಗಿದೆ. ಅಷ್ಟರಲ್ಲಿ ಅತ್ತೆಯ ತುಟಿ ಅಲುಗಿತು.

"ಬ್ರ್ಯಾಂಡನ್, ಮಂಡಿ ಬಿಗಿ ಹಿಡಿಯಬೇಡ. ಬೂಟಿನೊಳಗೇ ಬೆರಳು ಆಡಿಸು. ನಿಧಾನ ಉಸಿರು ತಗೋ."

"ಅತ್ತೆ, ಏನ್ ಮಾಡ್ತಿದೀರಾ? ಅವನು ಬಿದ್ರೆ ನೀವು ಗೆದ್ದ ಹಾಗೆ," ಎಂದು ನಾನು ಪಿಸುಗುಟ್ಟಿದೆ.

"ಬಾಯಿ ಮುಚ್ಚು. ನನ್ನ ಕಣ್ಮುಂದ ಯಾರೂ ಬೀಳಂಗಿಲ್ಲ."

ಬ್ರ್ಯಾಂಡನ್‌ನ ತುಟಿಗೆ ಬಣ್ಣ ಬಂತು. ಅವನು ಇನ್ನೂ ಎರಡು ಗಂಟೆ ನಿಲ್ಲುವಂತೆ ಕಂಡ. ಅತ್ತೆಯ ಎಡಮಂಡಿ ಮಾತ್ರ ಸೀರೆಯ ಒಳಗೆ ಸಣ್ಣಗೆ ನಡುಗುತ್ತಿರುವುದು ನನಗೆ ಕಾಣಿಸುತ್ತಿತ್ತು. ನಾನು ಹೋಗಿ ಮತ್ತೆ ಸ್ಟ್ರಾ ಹಿಡಿದೆ.

ಪಶ್ಚಿಮದಲ್ಲಿ ಒಂದು ಕಪ್ಪು ಮೋಡ ಎದ್ದದ್ದನ್ನು ಯಾರೂ ಲಕ್ಷಿಸಿರಲಿಲ್ಲ. ಊಟ ಮುಗಿಸಿದ ಚಕ್ರವರ್ತಿ ಕಿರೀಟ ವಾರೆಯಾಗಿ, ಬಾಯಿ ತೆರೆದು, ಸಿಂಹಾಸನದಲ್ಲೇ ಗೊರಕೆ ಹೊಡೆಯುತ್ತಿದ್ದರು. ಗಾಳಿ ಒಮ್ಮೆಗೇ ಬೀಸಿತು. ಗುಡಾರದ ಬಟ್ಟೆ ಹಾಯಿಯಂತೆ ಉಬ್ಬಿ, ಒಂದು ಗೂಟ ಕಿತ್ತು ಹಾರಿತು. ಮೇಲಿನ ಅಡ್ಡತೊಲೆ, ತೊಡೆಯಷ್ಟು ದಪ್ಪನೆಯ ಮರ, ಕಂಬದಿಂದ ಜಾರಿ ನೇರ ಸಿಂಹಾಸನದ ಕಡೆ ಇಳಿಯತೊಡಗಿತು. ನಾವೆಲ್ಲ ಕೂಗಿದೆವು. ಕೂಗಿದ್ದು ಬಿಟ್ಟರೆ ಯಾರೂ ಏನೂ ಮಾಡಲಿಲ್ಲ.

ಅತ್ತೆ ಆಗಲೇ ಒಳಗಿದ್ದರು. ಕೊಡಲಿಯ ಹಿಡಿಯನ್ನು ಎರಡೂ ಕೈಯಲ್ಲಿ ಅಡ್ಡಹಿಡಿದು ತಲೆಯ ಮೇಲೆತ್ತಿದ್ದರು. ತೊಲೆ ಬಂದು ಹಿಡಿಯ ಮೇಲೆ ಕೂತಿತು. ಅತ್ತೆ ಒಂದು ಗೇಣು ಕುಸಿದರು, ಒಂದು ಮಂಡಿಯೂರಿದರು, ಕೈ ಮಾತ್ರ ಬಿಡಲಿಲ್ಲ. ತೊಲೆ ಕಿರೀಟಕ್ಕಿಂತ ಎರಡು ಇಂಚು ಮೇಲೆ ನಿಂತಿತು. ಡೇವ್ ಓಡಿಬಂದು ಅದನ್ನು ಎತ್ತಿ ಆಚೆ ಹಾಕಿದ. ಚಕ್ರವರ್ತಿ ಕಣ್ಣು ಬಿಟ್ಟಾಗ ಅವರಿಗೆ ಕಂಡದ್ದು ಆಕಾಶ, ಮತ್ತು ಅದರ ಕೆಳಗೆ ನನ್ನ ಅತ್ತೆ.

ಮಳೆ ಹತ್ತು ನಿಮಿಷ ಸುರಿದು ನಿಂತಿತು. ಪಂಚಾಯಿತಿ ಶುರುವಾದದ್ದು ಆಮೇಲೆ. ಡೇವ್ ನಿಯಮದ ಹಾಳೆ ಹಿಡಿದು, ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತ, ಅಪರಾಧಿಯಂತೆ ನಿಂತಿದ್ದ. ಕಾಲು ಕದಲಿಸಿದವರು ಸೋತ ಹಾಗೆ. ಬ್ರ್ಯಾಂಡನ್ ಕದಲಿಸಿಲ್ಲ. ಅತ್ತೆ ಈಗ ವಾದಕ್ಕಿಳಿಯುತ್ತಾರೆ, ಸಂಜೆಯೊಳಗೆ ಆ ಹಾಳೆ ಚೂರಾಗುತ್ತದೆ ಎಂದುಕೊಂಡೆ. ಇಡೀ ಮಿಷಿಗನ್‌ನಲ್ಲಿ ಅವರೊಡನೆ ವಾದಿಸಿ ಗೆದ್ದವರಿಲ್ಲವಲ್ಲ?

ಅತ್ತೆ ಸುಮ್ಮನೆ ತಲೆಯಾಡಿಸಿದರು. "ಹೌದು, ಕದಲಿದೆ. ಜಾಗ ಅವನದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಡಿ ತಮ್ಮಾ, ಹೋಗೂಣು," ಎಂದರು.

ವಾದಕ್ಕೆ ಇಳಿದವನು ನಾನು. ಏನು ಹೇಳಿದೆ ಎಂದು ಈಗ ನೆನಪಿಲ್ಲ. ಅರ್ಧ ಕನ್ನಡದಲ್ಲಿ ಹೇಳಿದೆನಂತೆ. ನನ್ನನ್ನು ತಡೆದದ್ದು ಬ್ರ್ಯಾಂಡನ್.

"ತೊಲೆ ಜಾರುವುದನ್ನು ನಾನೂ ನೋಡಿದೆ," ಎಂದ. "ಕದಲಿದರೆ ಸೋಲುತ್ತೇನಲ್ಲ ಎಂದು ಯೋಚಿಸಿದೆ. ಡಾಕ್ಟರ್ ಯೋಚಿಸಲಿಲ್ಲ. ಅದೂ ಅಲ್ಲದೆ, ಅವರು ಹೇಳಿಕೊಡದಿದ್ದರೆ ನಾನು ಆಗಲೇ ಬಿದ್ದಿರುತ್ತಿದ್ದೆ. ಈ ಜಾಗ ನನಗೆ ಬೇಡ."

ಎಲ್ಲರೂ ಚಕ್ರವರ್ತಿಯ ಕಡೆ ನೋಡಿದರು. ಒದ್ದೆಯಾದ ನೇರಳೆ ನಿಲುವಂಗಿಯಲ್ಲಿ ಅವರು ಎದ್ದು ನಿಂತು ಕಿರೀಟ ನೆಟ್ಟಗೆ ಮಾಡಿಕೊಂಡರು.

"ನಾನು ಹದಿನಾಲ್ಕು ವರ್ಷದಿಂದ ಚಕ್ರವರ್ತಿಯಾಗಿದ್ದೇನೆ," ಎಂದರು. "ಇಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ನಿಜವಾಗಿ ಕಾಪಾಡಿದ್ದು ಇದೇ ಮೊದಲು. ಇನ್ನು ಇದರಲ್ಲಿ ಯೋಚನೆ ಮಾಡುವುದೇನಿದೆ?"

ಅರವತ್ತು ಜನ ಕೊಡಲಿಗಳಿಂದ ಗುರಾಣಿಗಳನ್ನು ಬಡಿಯತೊಡಗಿದರು. ಆ ಸದ್ದಿಗೆ ಪಕ್ಕದ ಹೊಲದ ಹಸುಗಳು ಬೇಲಿಯ ತನಕ ಬಂದವು. ಬ್ರ್ಯಾಂಡನ್ ಮತ್ತು ಜಿಮ್ ಟ್ರೇನರ್ ಸೇರಿ ಅತ್ತೆಯನ್ನು ಗುರಾಣಿಯ ಮೇಲೆ ಕೂರಿಸಿ, ಹೆಗಲ ಮೇಲೆತ್ತಿ, ಹೊಲವನ್ನು ಮೂರು ಸುತ್ತು ಹಾಕಿದರು. ಇಳಕಲ್ ಸೆರಗು ಹಾರಾಡುತ್ತಿತ್ತು. ಅತ್ತೆ ಮೇಲಿನಿಂದ, "ಸಾವಕಾಶ ನಡೀರಿ, ಸಾವಕಾಶ," ಎಂದು ಕನ್ನಡದಲ್ಲೇ ಅಪ್ಪಣೆ ಕೊಡುತ್ತಿದ್ದರು, ಅವರು ಪಾಲಿಸುತ್ತಿದ್ದರು. ನಾನು ವಿಡಿಯೊ ಕಳಿಸಿದೆ. ಮಗಳಿಂದ ದೊಡ್ಡಕ್ಷರಗಳಲ್ಲಿ ಏನೇನೋ ಬಂತು. ಹೆಂಡತಿ ಫೋನ್ ಮಾಡಿ ಅತ್ತಳು. ಧಾರಾವಾಹಿ ಲೆಕ್ಕದಲ್ಲಿ ಎರಡು ಸಾಲು ಹೆಣೆಯುವಷ್ಟು. ಹಿಂದಿನ ಚಕ್ರವರ್ತಿಗಳು ಭಟರಿಗೆ ರೇಷ್ಮೆ ಕೊಡುತ್ತಿದ್ದರು, ನಮ್ಮವರು ಅತ್ತೆಯ ಮನೆಯ ಹಾಲ್‌ಗೆ ಗೋಡೆಯಿಂದ ಗೋಡೆಗೆ ಹೊಸ ಕಾರ್ಪೆಟ್ ಘೋಷಿಸಿದರು.

ಬಿಸಿಲು ಇನ್ನೂ ಇತ್ತು. ಪ್ರಮಾಣವಚನ ಮುಗಿದ ಮೇಲೆ ಡೇವ್ ನಮ್ಮನ್ನು ತನ್ನ ಹೊಲದ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋದ. ಅಲ್ಲಿ ಎದೆಯೆತ್ತರದ ಒಂದು ಬೂದು ಕಲ್ಲು ನಿಂತಿತ್ತು. ಪಡೆ ಸೇರಿದವರ ಹೆಸರನ್ನು ಅದರ ಮೇಲೆ ವರಂಗಿಯನ್ನರ ಹಳೆಯ ನಾರ್ಸ್ ಲಿಪಿಯಲ್ಲಿ ಕೊರೆಯುವುದು ಪದ್ಧತಿ. ಡೇವ್ ಹಲ್ಲು ಕೊರೆಯುವಷ್ಟೇ ಎಚ್ಚರದಿಂದ ಸಣ್ಣ ಯಂತ್ರವೊಂದನ್ನು ಕೈಗೆತ್ತಿಕೊಂಡ.

"ನನ್ನ ಹೆಸರು ಬೇಡ," ಎಂದರು ಅತ್ತೆ. "ನನ್ನ ಗಂಡನ ಹೆಸರು ಕೊರೆ."

ಆಮೇಲೆ ನನಗೆ ಹೇಳಿದರು. ಸ್ವೀಡನ್ನಿನ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಈಗಲೂ ನಿಂತಿವೆಯಂತೆ. ಮಗನೋ ಗಂಡನೋ ಚಕ್ರವರ್ತಿಯ ಚಾಕರಿಗೆ ಹೋದ, ವಾಪಸು ಬರಲಿಲ್ಲ. ಸುದ್ದಿ ಮಾತ್ರ ಬಂತು. ಇಂಥವನು ಗ್ರೀಸಿನಲ್ಲಿ ಸತ್ತ ಎಂದು ಬರೆಸಿ ಮನೆಯವರು ಕಲ್ಲು ನಿಲ್ಲಿಸಿದರು. ನಮ್ಮೂರುಗಳ ವೀರಗಲ್ಲಿನ ಹಾಗೆ.

"ಮಾಮಾ ವೀರರಾ ಅತ್ತೆ?" ಎಂದೆ, ನಗಿಸೋಣವೆಂದು.

"ಜಿರಳಿ ಕಂಡ್ರ ಕುರ್ಚಿ ಏರ್ತಿದ್ರು," ಎಂದರು. "ಆದ್ರ ಅವರೂ ಇಷ್ಟು ದೂರ ಬಂದು ಸತ್ರು. ಅಸ್ಥಿ ಕೃಷ್ಣಾ ಹೊಳಿಗೆ ಬಿಟ್ಟು ಬಂದ್ವಿ. ಇಲ್ಲಿ ಅವರ ಹೆಸರು ಎಲ್ಲೂ ಇಲ್ಲ ನೋಡು."

ಡೇವ್ ಪೆನ್ಸಿಲ್ ತೆಗೆದು, "ಹೆಸರು ಹೇಳಿ ಡಾಕ್ಟರ್," ಎಂದ.

ಅತ್ತೆ ಹೇಳಲಿಲ್ಲ. ಅವರ ಕಾಲದ ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಅತ್ತೆ ಎಷ್ಟೋ ಫಾರಂಗಳಲ್ಲಿ ಅದನ್ನು ಬರೆದಿದ್ದಾರೆ. ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಮನೆಯಲ್ಲಿ "ಇಲ್ಲಿ ಕೇಳ್ರಿ", ಹೊರಗೆ "ಅವರು". ಹೇಳಲೇಬೇಕಾದದ್ದು ಮದುವೆಯ ದಿನ, ಅದೂ ಒಡಪು ಹಾಕಿ, ಎರಡು ಸಾಲಿನ ಪದ್ಯದ ಬಾಲಕ್ಕೆ ಹೆಸರು ಕಟ್ಟಿ. ಬರೆದುಕೊಡಲೆಂದು ನಾನು ಪೆನ್ಸಿಲ್ ಇಸಿದುಕೊಂಡು ಚಾಚಿದೆ. ಅತ್ತೆ ಬೇಡವೆಂದು ಕೈಯಾಡಿಸಿದರು. ಕೊಡಲಿಯನ್ನು ಹುಲ್ಲಿನ ಮೇಲಿಟ್ಟರು. ಉಕ್ಕಿನ ಅಂಗಿಯ ಮೇಲೆ ಸೆರಗನ್ನು ಹೊದ್ದುಕೊಂಡು, ಮದುಮಗಳ ಹಾಗೆ ನೆಲ ನೋಡುತ್ತ ಶುರುಮಾಡಿದರು.

"ವಿಜಾಪುರದ ಬಿಸಲಾಗ ಹುಟ್ಟಿ, ಮಿಷಿಗನ್ನಿನ ಹಿಮದಾಗ ಬಾಳ್ವೆ ಕಟ್ಟಿ..."

ಮುಂದೆ ಮಾಮಾನ ಹೆಸರು ಬಂತು.

ಡೇವ್‌ಗೆ ಏನೂ ತಿಳಿಯಲಿಲ್ಲ. "ಕ್ಷಮಿಸಿ, ಇದರಲ್ಲಿ ಹೆಸರು ಯಾವುದು?" ಎಂದು ಕೇಳಿದ.

ಅತ್ತೆ ಹೆಸರನ್ನಷ್ಟೇ ಇನ್ನೊಂದು ಸಲ, ಬಿಡಿಸಿ ಹೇಳಿದರು. ಡೇವ್ ಬರೆದುಕೊಂಡು ಯಂತ್ರ ಚಾಲೂ ಮಾಡಿದ. ಕಲ್ಲಿನಿಂದ ಬಿಳಿಯ ಪುಡಿ ಉದುರತೊಡಗಿತು. ಅತ್ತೆ ಕಲ್ಲಿನ ಮೇಲೆ ಅಂಗೈಯಿಟ್ಟು, ಮತ್ತೊಮ್ಮೆ ಆ ಹೆಸರು ಹೇಳಿದರು. ಈ ಸಲ ಹೆಸರು ಹೇಳಿ ಎಂದು ಯಾರೂ ಕೇಳಿರಲಿಲ್ಲ.